ಸ್ಟೋರೇಜ್‌ಗೆ ಎರಡು ಸ್ವಿಚ್: ಸ್ಟ್ಯಾಕ್ ಮಾಡೋದಾ, ಬೇರೆ ಬೇರೆ ಇಡೋದಾ?

ಪುಣೆಯ ಭೋಸರಿ, ಚಾಕಣ, ಪಿಂಪರಿ ಕಡೆಯ ಕಾರ್ಖಾನೆಗಳಲ್ಲಿ ಸರ್ವರ್ ನೋಡಿಕೊಳ್ಳುವ ನಮ್ಮ ಕನ್ನಡದ ಹುಡುಗರು ಬಹಳ ಇದ್ದಾರೆ. ಅವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಮೂರು ಸರ್ವರ್ ಅದಾವ, ಅದರ ಮೇಲೆ ಇಪ್ಪತ್ತೈದು ವಿಎಂ. ಎರಡು ಕಂಟ್ರೋಲರ್ ಇರೋ ಸ್ಟೋರೇಜ್ ಬಾಕ್ಸ್ ಬರಾಕತ್ತದ. ನಡುವೆ ಸ್ವಿಚ್ ಎರಡು ಹಾಕ್ರಿ ಅಂತಾರ. ಹೆಂಗ ಜೋಡಸೋದು?"

ವಿಎಂ ಎಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್. ಅವುಗಳ ಡಿಸ್ಕ್ ಇರುವುದು ಸ್ಟೋರೇಜ್ ಬಾಕ್ಸ್‌ನಲ್ಲಿ, ಅದನ್ನು ನಡೆಸುವ ಮಿದುಳು ಕಂಟ್ರೋಲರ್. ಒಬ್ಬ ವೆಂಡರ್ ಎರಡು ಸ್ವಿಚ್ಚನ್ನೂ ಸ್ಟ್ಯಾಕ್ ಮಾಡಿ, ಅಂದರೆ ಕೇಬಲ್‌ನಿಂದ ಸೇರಿಸಿ ಒಂದೇ ಸ್ವಿಚ್‌ನಂತೆ ನಡೆಸಿ ಅನ್ನುತ್ತಾನೆ. ಇನ್ನೊಬ್ಬ ಸ್ಟೋರೇಜ್‌ಗೆಂದೇ ಇರುವ ಬೇರೆ ಜಾತಿಯ ನೆಟ್‌ವರ್ಕ್ ಆದ ಫೈಬರ್ ಚಾನೆಲ್ ಇಲ್ಲದೆ ಆಗುವುದೇ ಇಲ್ಲ ಅನ್ನುತ್ತಾನೆ. ಮೂರನೆಯವನು ಸ್ವಿಚ್ಚೇ ಬೇಡ, ನೇರವಾಗಿ ಕೇಬಲ್ ಹಾಕೋಣ ಅನ್ನುತ್ತಾನೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಯಾರ ಮಾತು ನಿಮ್ಮ ಜಾಗಕ್ಕೆ ಹೊಂದುತ್ತದೆ ಅನ್ನುವುದನ್ನು ನೀವೇ ಅಳೆಯಬೇಕು. ಆ ಅಳತೆ ಏನು ಅನ್ನುವುದು ನನಗೆ ಒಂದು ಗುರುವಾರ ಗೊತ್ತಾಯಿತು.

ಪುಣೆಯ ಕಾರ್ಖಾನೆ ಪ್ರದೇಶಗಳಲ್ಲಿ ವಾರದ ರಜೆ ಗುರುವಾರ. ಕರೆಂಟಿನವರು ರಿಪೇರಿ ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಅವತ್ತೇ. ನಮ್ಮಂಥವರ ದೊಡ್ಡ ಕೆಲಸಗಳೆಲ್ಲ ಹಾಗಾಗಿ ಗುರುವಾರಕ್ಕೆ ಕಾಯುತ್ತವೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಬೆಳಿಗ್ಗೆ, ಸ್ಟ್ಯಾಕ್ ಮಾಡಿದ ಎರಡು ಸ್ಟೋರೇಜ್ ಸ್ವಿಚ್‌ಗಳಿಗೆ ಹೊಸ ಫರ್ಮ್‌ವೇರ್ (ಸ್ವಿಚ್ ಒಳಗಿನ ಸಾಫ್ಟ್‌ವೇರ್) ಹಾಕುತ್ತಿದ್ದೆವು. ಡಿಸ್‌ಪ್ಯಾಚ್ ವಿಭಾಗ ಅವತ್ತೂ ನಡೆಯುತ್ತಿತ್ತು, ಅದಕ್ಕೆ ವಿಎಂಗಳನ್ನು ಬಂದ್ ಮಾಡಿರಲಿಲ್ಲ. ಒಂದು ಸ್ವಿಚ್ ರೀಬೂಟ್ ಆಗುವಾಗ ಇನ್ನೊಂದು ಸಂಭಾಳಿಸುತ್ತದೆ ಎಂದುಕೊಂಡಿದ್ದೆವು. ನಾನು ಲ್ಯಾಪ್‌ಟಾಪ್ ಮುಂದೆ, ತಮ್ಮನಂಥ ಒಬ್ಬ ಹುಡುಗ ರ‍್ಯಾಕ್ ಹಿಂದೆ. ಎರಡೂ ಸ್ವಿಚ್‌ನ ಫ್ಯಾನ್ ಒಟ್ಟಿಗೆ ಜೋರಾದವು. ಹಸಿರು ದೀಪಗಳ ಎರಡು ಸಾಲೂ ಒಂದೇ ಸಲ ಆರಿದವು. "ಅಣ್ಣಾ, ಎರಡೂ ಹೋದ್ವಲ್ರೀ!" ಅಂದ ಅವನು.

ಸ್ವಿಚ್‌ಗಳು ಏಳುವುದಕ್ಕೆ ಆರು ನಿಮಿಷ ಬೇಕಾಯಿತು. ಅಷ್ಟರಲ್ಲಿ ಲಿನಕ್ಸ್ ವಿಎಂಗಳು ಡಿಸ್ಕ್ ಸಿಗದೆ ಫೈಲ್‌ಸಿಸ್ಟಮ್ ಅನ್ನು ರೀಡ್-ಓನ್ಲಿ ಮಾಡಿಕೊಂಡಿದ್ದವು, ಅಂದರೆ ಓದಬಹುದು, ಬರೆಯಲಾಗದು. ಡೇಟಾಬೇಸ್ ವಿಎಂ ಸರಿಯಾಗುವಷ್ಟರಲ್ಲಿ ಸಂಜೆ ದಾಟಿತ್ತು. ಗೇಟಿನ ಹೊರಗೆ ಲಾರಿಗಳು ಬಿಲ್ ಇಲ್ಲದೆ ನಿಂತಿದ್ದವು.

ಎರಡು ಸ್ವಿಚ್ ಇದ್ದವು, ಎರಡು ಕೇಬಲ್ ಇದ್ದವು. ತಲೆ ಮಾತ್ರ ಒಂದೇ ಇತ್ತು.

ಮೊದಲು ಏನು ಕೇಳಿಕೊಳ್ಳಬೇಕು

ಅವತ್ತಿನಿಂದ ನನ್ನ ಮೊದಲ ಪ್ರಶ್ನೆ: ಎರಡನ್ನೂ ಒಟ್ಟಿಗೆ ಕೆಡವಬಲ್ಲದ್ದು ಏನಿದೆ? ಅದು ಒಂದೇ ಸಾಫ್ಟ್‌ವೇರ್ ಆಗಿರಬಹುದು. ಒಂದೇ ಕಾನ್ಫಿಗರೇಶನ್ ಆಗಿರಬಹುದು. ಒಂದೇ ಪವರ್ ಸ್ಟ್ರಿಪ್, ಒಂದೇ ಯುಪಿಎಸ್, ಒಂದೇ ಎಸಿ ಕೂಡ ಆಗಿರಬಹುದು. ಕಾಗದದ ಮೇಲೆ ಬರೆದು ನೋಡಿ, ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಬರುತ್ತದೆ.

ಎರಡನೆಯದು, ಕೆಲಸ ನಡೆಯುತ್ತಿರುವಾಗಲೇ ಒಂದನ್ನು ಬಂದ್ ಮಾಡಿ ಫರ್ಮ್‌ವೇರ್ ಹಾಕಬಹುದಾ? ಮೂರನೆಯದು, ನಿಮ್ಮ ಸ್ಟೋರೇಜ್ ಮಾತಾಡುವುದು ಯಾವ ಭಾಷೆ: ಐಸ್ಕಸಿಯೋ, ಎನ್‌ಎಫ್‌ಎಸ್ಸೋ, ಫೈಬರ್ ಚಾನೆಲ್ಲೋ? ಐಸ್ಕಸಿ ಮಾಮೂಲಿ ನೆಟ್‌ವರ್ಕ್ ಮೇಲೆ ಡಿಸ್ಕನ್ನೇ ಕೊಡುತ್ತದೆ, ಎನ್‌ಎಫ್‌ಎಸ್ ಫೈಲ್‌ಗಳ ಫೋಲ್ಡರ್ ಕೊಡುತ್ತದೆ. ಇದೊಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ರಾತ್ರಿ ಎರಡು ಗಂಟೆಗೆ ಕೆಟ್ಟರೆ ನೋಡುವವರು ಯಾರು? ಒಬ್ಬನೇ ಹುಡುಗ ಪ್ರಿಂಟರ್‌ನಿಂದ ಹಿಡಿದು ಸರ್ವರ್ ತನಕ ನೋಡಿಕೊಳ್ಳುವ ಜಾಗಕ್ಕೆ, ಅವನಿಗೆ ಅರ್ಥವಾಗದ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಅಪಾಯವೇ.

ಕೊನೆಗೆ ದುಡ್ಡು. ಸ್ವಿಚ್‌ನ ಬೆಲೆ ಒಂದನ್ನೇ ನೋಡಬೇಡಿ. ಸರ್ವರ್‌ನ ಕಾರ್ಡ್, ಎಸ್‌ಎಫ್‌ಪಿ (ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಮಾಡ್ಯೂಲ್), ಕೇಬಲ್, ಪೋರ್ಟ್ ಲೈಸೆನ್ಸ್, ವರ್ಷವರ್ಷದ ಎಎಂಸಿ ಎಲ್ಲ ಕೂಡಿಸಿ ನೋಡಿ.

ಎರಡು ಬೇರೆ ಬೇರೆ ಸ್ವಿಚ್, ಮೇಲೆ ಐಸ್ಕಸಿ ಮಲ್ಟಿಪಾತ್

ಮೂರರಿಂದ ಹತ್ತು ಸರ್ವರ್ ಇರುವ ಹೆಚ್ಚಿನ ಕಡೆ ನಾನು ಹೇಳುವುದು ಇದನ್ನೇ. ಎರಡು ಸಾಧಾರಣ 10 ಗಿಗಾಬಿಟ್ ಸ್ವಿಚ್. ಒಂದಕ್ಕೊಂದು ಸಂಬಂಧವೇ ಇಲ್ಲ, ನಡುವೆ ಕೇಬಲ್ಲೂ ಇಲ್ಲ. ಒಂದಕ್ಕೆ 10.10.10 ಸಬ್‌ನೆಟ್ (ಐಪಿ ವಿಳಾಸಗಳ ಗುಂಪು), ಇನ್ನೊಂದಕ್ಕೆ 10.10.20 ಸಬ್‌ನೆಟ್. ಗೇಟ್‌ವೇ ಬೇಡ, ರೌಟಿಂಗ್ ಬೇಡ. ಪ್ರತಿ ಸರ್ವರ್‌ನ ಒಂದು ಪೋರ್ಟ್ ಮೊದಲ ಸ್ವಿಚ್‌ಗೆ, ಇನ್ನೊಂದು ಎರಡನೆಯದಕ್ಕೆ. ಸ್ಟೋರೇಜ್‌ನ ಎರಡೂ ಕಂಟ್ರೋಲರ್‌ನಿಂದ ಒಂದೊಂದು ಕಾಲು ಎರಡೂ ಸ್ವಿಚ್‌ಗೆ ಹೋಗಬೇಕು. ಕಂಟ್ರೋಲರ್ ಎ ಪೂರ್ತಿ ಮೊದಲ ಸ್ವಿಚ್‌ಗೆ, ಬಿ ಪೂರ್ತಿ ಎರಡನೆಯದಕ್ಕೆ ಹಾಕಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನೋಡೋಕೆ ಅಚ್ಚುಕಟ್ಟಾಗಿರುತ್ತದೆ. ಆದರೆ ಒಂದು ಸ್ವಿಚ್ ಹೋದರೆ ಒಳ್ಳೆಯ ಕಂಟ್ರೋಲರ್ ಒಂದು ಸುಮ್ನೆ ಕೂತುಬಿಡುತ್ತದೆ. ಆಗ ಉಳಿದ ಕಂಟ್ರೋಲರ್ ಕೈಕೊಟ್ಟರೆ ಎಲ್ಲವೂ ಹೋಯಿತು.

ಸರಿಯಾಗಿ ಹಾಕಿದರೆ ಪ್ರತಿ ಸರ್ವರ್‌ಗೆ ಪ್ರತಿ ಲನ್ (ಸ್ಟೋರೇಜ್ ಕೊಡುವ ಒಂದೊಂದು ಡಿಸ್ಕ್) ನಾಲ್ಕು ದಾರಿಯಲ್ಲಿ ಕಾಣುತ್ತದೆ. ಪ್ರತಿ ಸ್ವಿಚ್ ಮೂಲಕ ಎರಡು. ಈ ನಾಲ್ಕನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇಲ್ಲಿ ಜನ ತಪ್ಪುವುದು ಒಂದೇ ಕಡೆ. ಎರಡು ಪೋರ್ಟ್ ಇದೆ ಅಂದ ತಕ್ಷಣ ಟೀಮಿಂಗ್ ಮಾಡಿಬಿಡುತ್ತಾರೆ, ಅಂದರೆ ಎರಡನ್ನೂ ಸೇರಿಸಿ ಒಂದೇ ಪೋರ್ಟ್‌ನಂತೆ ಮಾಡುತ್ತಾರೆ, ಅದಕ್ಕಿರುವ ಎಲ್‌ಎಸಿಪಿ ಪ್ರೋಟೋಕಾಲ್ ಹಾಕಿಬಿಡುತ್ತಾರೆ. ಐಸ್ಕಸಿಗೆ ಅದು ಬೇಡ. ಒಂದು ದಾರಿ ಸತ್ತರೆ ಇನ್ನೊಂದಕ್ಕೆ ಹೋಗುವ ಕೆಲಸವನ್ನು ಮಲ್ಟಿಪಾತ್ ಸಾಫ್ಟ್‌ವೇರ್ ಮಾಡುತ್ತದೆ. ಅದರ ಕೆಳಗೆ ಟೀಮಿಂಗ್ ಕೂರಿಸಿದರೆ ಎರಡು ದಾರಿ ಅದರ ಕಣ್ಣಿಗೆ ಒಂದಾಗಿ ಕಾಣುತ್ತವೆ. ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್ ವಿಎಂವೇರ್‌ನಲ್ಲಿ ಪ್ರತಿ ವಿಎಂಕರ್ನಲ್ ಪೋರ್ಟ್‌ಗೆ (ಸರ್ವರ್ ತನಗಾಗಿ ಬಳಸುವ ನೆಟ್‌ವರ್ಕ್ ಪೋರ್ಟ್) ಒಂದೇ ಆಕ್ಟಿವ್ ಅಪ್‌ಲಿಂಕ್, ಅಂದರೆ ಹೊರಗೆ ಹೋಗುವ ಒಂದೇ ನಿಜವಾದ ಪೋರ್ಟ್ ಇರಲಿ. ಎರಡು ಬೇರೆ ಸಬ್‌ನೆಟ್ ಇದ್ದರೆ ಪೋರ್ಟ್ ಬೈಂಡಿಂಗ್ (ಐಸ್ಕಸಿಯನ್ನು ಇಂಥದ್ದೇ ಪೋರ್ಟ್‌ಗೆ ಕಟ್ಟುವುದು) ಬೇಕಿಲ್ಲ. ಎಲ್ಲವೂ ಒಂದೇ ಸಬ್‌ನೆಟ್‌ನಲ್ಲಿರಬೇಕು ಅನ್ನುವ ಸ್ಟೋರೇಜ್ ಬಾಕ್ಸ್ ಆದರೆ ಬೈಂಡಿಂಗ್ ಬೇಕು, ಆಗ ಸ್ವಿಚ್‌ಗಳ ನಡುವೆ ಕೇಬಲ್ಲೂ ಬೇಕಾಗುತ್ತದೆ. ದಾರಿ ಆಯ್ಕೆಗೆ ರೌಂಡ್ ರಾಬಿನ್ (ಸರದಿಯಂತೆ ದಾರಿ ಬದಲಿಸುವುದು) ಇಡಿ. ಅದು ಮೊದಲಿನಿಂದ ಇರುವ ಹಾಗೆ 1000 ಐಒಗೆ (ಓದು-ಬರಹದ ಕೋರಿಕೆಗೆ) ಒಮ್ಮೆ ದಾರಿ ಬದಲಿಸುತ್ತದೆ. ಇದನ್ನು 1ಕ್ಕೆ ಇಳಿಸಿ ಎಂದು ಬಹಳ ಸ್ಟೋರೇಜ್ ಕಂಪನಿಗಳು ಹೇಳುತ್ತವೆ, ನಿಮ್ಮದರ ಕೈಪಿಡಿ ನೋಡಿಕೊಳ್ಳಿ.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡ ಮೇಲೆ, ಲೈಸೆನ್ಸ್ ಖರ್ಚು ನೋಡಿ ಅಂಥದ್ದೇ ಕೆಲಸದ ಪ್ರಾಕ್ಸ್‌ಮಾಕ್ಸ್ ಕಡೆ ಹೊರಟವರು ನಮ್ಮಲ್ಲೂ ಇದ್ದಾರೆ. ಅವರಿಗೊಂದು ಮಾತು. ಅಲ್ಲಿ ಮಲ್ಟಿಪಾತ್ ತಾನಾಗಿ ಬರುವುದಿಲ್ಲ. ಪ್ಯಾಕೇಜ್ ಹಾಕಿ, ಫೈಲ್ ಬರೆದು, ಪ್ರತಿ ಸರ್ವರ್‌ನಲ್ಲೂ ನೀವೇ ಕೂರಿಸಬೇಕು. ಇನ್ನೊಂದು, ಲಿನಕ್ಸ್‌ನ ಐಸ್ಕಸಿ ಸತ್ತ ದಾರಿಗಾಗಿ 120 ಸೆಕೆಂಡ್ ಕಾಯುವಂತೆ ಹೊಂದಿಸಿರುತ್ತದೆ. ಇನ್ನೊಂದು ದಾರಿ ಪಕ್ಕದಲ್ಲೇ ಇರುವಾಗ ಎರಡು ನಿಮಿಷ ಕಾಯುವುದು ಯಾಕೆ? ಅದನ್ನು 5ರಿಂದ 15 ಸೆಕೆಂಡಿಗೆ ಇಳಿಸುವುದು ವಾಡಿಕೆ.

ಈ ಪದ್ಧತಿಯ ಕೊರತೆ ಏನು? ಪ್ರತಿ ಬದಲಾವಣೆಯನ್ನೂ ಎರಡು ಸಲ ಮಾಡಬೇಕು. ಒಂದರಲ್ಲಿ ತಪ್ಪಿದರೆ ಇನ್ನೊಂದು ನಡೆಸುತ್ತಲೇ ಇರುವುದರಿಂದ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಆದರೆ ನನ್ನ ಕಣ್ಣಲ್ಲಿ ಇದರ ದೊಡ್ಡ ಗುಣವೂ ಅದೇ. ಒಂದರ ತಪ್ಪು ಇನ್ನೊಂದಕ್ಕೆ ದಾಟುವುದಿಲ್ಲ. ತಿಂಗಳಿಗೊಮ್ಮೆ ದಾರಿ ಎಣಿಸುವ ರೂಢಿ ಇಟ್ಟುಕೊಂಡರೆ ಸಾಕು.

ಸ್ಟ್ಯಾಕ್ ಎಲ್ಲಿಗೆ ಸರಿ

ನನ್ನ ಗುರುವಾರದ ಕಥೆ ಕೇಳಿ ಸ್ಟ್ಯಾಕ್ ಎಂದರೆ ಕೆಟ್ಟದ್ದು ಅಂದುಕೊಳ್ಳಬೇಡಿ. ಆಫೀಸಿನ ಕಂಪ್ಯೂಟರ್, ಫೋನ್, ಕ್ಯಾಮೆರಾಗಳ ಲ್ಯಾನ್‌ಗೆ ಅದು ಬಹಳ ಒಳ್ಳೆಯದು. ಒಂದೇ ಐಪಿ, ಒಂದೇ ಕಾನ್ಫಿಗರೇಶನ್, ಎಷ್ಟು ಸ್ವಿಚ್ ಇದ್ದರೂ ಒಂದೇ ಲಾಗಿನ್. ಒಂದು ಸ್ವಿಚ್‌ನ ಪವರ್ ಸಪ್ಲೈ ಸುಟ್ಟರೆ ಇನ್ನೊಂದು ನಿಜವಾಗಿಯೂ ನಡೆಸುತ್ತದೆ. ಆದರೆ ಬಹಳ ಮಾದರಿಗಳಲ್ಲಿ ಫರ್ಮ್‌ವೇರ್ ಬದಲಿಸಿದರೆ ಇಡೀ ಸ್ಟ್ಯಾಕ್ ರೀಬೂಟ್ ಆಗುತ್ತದೆ. ಲ್ಯಾನ್ ಐದು ನಿಮಿಷ ನಿಂತರೆ ಜನ ಚಹಾ ಕುಡಿದು ಬರುತ್ತಾರೆ. ಡಿಸ್ಕ್ ಐದು ನಿಮಿಷ ಇಲ್ಲದಿದ್ದರೆ ಸರ್ವರ್ ತಾಳುವುದಿಲ್ಲ. ನಮ್ಮ ಮಾದರಿಯಲ್ಲಿ ಹಾಗಾಗುವುದಿಲ್ಲ ಅಂತ ವೆಂಡರ್ ಹೇಳಿದರೆ ಬರೆದುಕೊಡಲು ಹೇಳಿ, ಖರೀದಿಗೆ ಮೊದಲೇ ಮಾಡಿ ತೋರಿಸಲು ಹೇಳಿ.

ಎಂಲ್ಯಾಗ್: ತಲೆ ಎರಡು, ಮುಖ ಒಂದು

ನಿಮ್ಮ ಸ್ಟೋರೇಜ್ ಎನ್‌ಎಫ್‌ಎಸ್ ಆಗಿದ್ದರೆ ಲೆಕ್ಕ ಬೇರೆ. ಎನ್‌ಎಫ್‌ಎಸ್ 3ರಲ್ಲಿ ಐಸ್ಕಸಿಗೆ ಇರುವಂಥ ಮಲ್ಟಿಪಾತ್ ಇಲ್ಲ. ಒಂದು ದಾರಿ ಹೋದರೆ ಕೆಳಗಿನ ನೆಟ್‌ವರ್ಕೇ ಸಂಭಾಳಿಸಬೇಕು. ಅಂದರೆ ಒಂದು ಬಾಂಡ್‌ನ (ಟೀಮಿಂಗ್ ಮಾಡಿದ ಪೋರ್ಟ್‌ಗಳ ಜೋಡಿಯ) ಎರಡು ಕಾಲು ಎರಡು ಸ್ವಿಚ್‌ನಲ್ಲಿರಬೇಕು, ಸ್ವಿಚ್‌ಗಳು ಮಾತ್ರ ಬೇರೆ ಬೇರೆಯಾಗಿಯೇ ಬದುಕಬೇಕು. ಅದನ್ನು ಎಂಲ್ಯಾಗ್ ಮಾಡುತ್ತದೆ. ಸಿಸ್ಕೋ ನೆಕ್ಸಸ್‌ನಲ್ಲಿ ಇದರ ಹೆಸರು ವಿಪಿಸಿ, ಡೆಲ್‌ನಲ್ಲಿ ವಿಎಲ್‌ಟಿ, ಅರೂಬಾದಲ್ಲಿ ವಿಎಸ್‌ಎಕ್ಸ್. ಅರಿಸ್ಟಾ ಎಂಲ್ಯಾಗ್ ಎಂದೇ ಕರೆಯುತ್ತದೆ.

ಎರಡಕ್ಕೂ ಅದರದರ ಸಾಫ್ಟ್‌ವೇರ್ ಇರುವುದರಿಂದ ಒಂದನ್ನು ಬಂದ್ ಮಾಡಿ ಫರ್ಮ್‌ವೇರ್ ಹಾಕಿ, ಅದು ಎದ್ದ ಮೇಲೆ ಇನ್ನೊಂದಕ್ಕೆ ಹೋಗಬಹುದು. ಬೆಲೆ ಜಾಸ್ತಿ. ಡೇಟಾ ಸೆಂಟರ್ ದರ್ಜೆಯ ಸ್ವಿಚ್ ಬೇಕು. ಜೊತೆಗೆ ಎರಡನ್ನು ಸೇರಿಸುವ ಪಿಯರ್ ಲಿಂಕ್ ಕೇಬಲ್ ಮತ್ತು "ಬದುಕಿದ್ದೇನೆ" ಎಂದು ಒಂದಕ್ಕೊಂದು ಹೇಳಿಕೊಳ್ಳುವ ಕೀಪ್‌ಅಲೈವ್ ಸಂದೇಶವನ್ನು ಅರ್ಥ ಮಾಡಿಕೊಂಡವರು ಬೇಕು. ಪಿಯರ್ ಲಿಂಕ್ ಕಡಿದು ಕೀಪ್‌ಅಲೈವ್ ಬದುಕಿದ್ದರೆ, ಎರಡನೇ ಸ್ವಿಚ್ ತನ್ನ ಎಂಲ್ಯಾಗ್ ಪೋರ್ಟ್‌ಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದು ಕೆಟ್ಟದ್ದಲ್ಲ, ಹಾಗೇ ಆಗಬೇಕು. ಎರಡೂ ಒಟ್ಟಿಗೆ ಕಡಿದರೆ ಎರಡೂ ಸ್ವಿಚ್ "ನಾನೇ ಯಜಮಾನ" ಅನ್ನುತ್ತವೆ. ಅದಕ್ಕೇ ಕೀಪ್‌ಅಲೈವ್ ಅನ್ನು ಪಿಯರ್ ಲಿಂಕ್ ಹೋಗುವ ದಾರಿಯಲ್ಲಿ ಹಾಕಬೇಡಿ, ಮ್ಯಾನೇಜ್‌ಮೆಂಟ್ ಪೋರ್ಟ್ ಮೂಲಕ ಕಳಿಸಿ.

ಬಾಂಡ್ ಹಾಕಿದರೆ ವೇಗ ಇಮ್ಮಡಿ ಆಗುತ್ತದೆ ಅನ್ನುವ ಆಸೆ ಬೇಡ. ಎನ್‌ಎಫ್‌ಎಸ್ 3ರಲ್ಲಿ ಒಂದು ಡೇಟಾಸ್ಟೋರ್‌ಗೆ (ವಿಎಂಗಳನ್ನು ಇಡುವ ಜಾಗಕ್ಕೆ) ಸಾಮಾನ್ಯವಾಗಿ ಒಂದೇ ಟಿಸಿಪಿ ಸಂಪರ್ಕ, ಅದು ಒಂದೇ ಕೇಬಲ್ಲಿನಲ್ಲಿ ಹರಿಯುತ್ತದೆ. ಎರಡು ಡೇಟಾಸ್ಟೋರ್‌ಗಳನ್ನು ಎರಡು ಐಪಿಗೆ ಹಂಚಿದರೆ ಸ್ವಲ್ಪ ಸಮ ಆಗುತ್ತದೆ.

ವಿಎಂಗಳ ಮಾಮೂಲಿ ನೆಟ್‌ವರ್ಕ್ ಮತ್ತು ಐಸ್ಕಸಿ ಎರಡೂ ಒಂದೇ ಜೋಡಿ ಸ್ವಿಚ್‌ನಲ್ಲಿ ಹೋಗಬೇಕು ಅನ್ನುವವರಿಗೂ ಎಂಲ್ಯಾಗ್ ಸರಿ. ವಿಎಂ ನೆಟ್‌ವರ್ಕ್‌ಗೆ ಬಾಂಡ್ ಹಾಕಿ. ಐಸ್ಕಸಿಗೆ ಮಾತ್ರ ಹಳೆಯ ನಿಯಮವೇ: ಮೊದಲ ವಿಲ್ಯಾನ್ (ಸ್ವಿಚ್ ಒಳಗೆ ಬೇರೆಯಾಗಿಟ್ಟ ನೆಟ್‌ವರ್ಕ್) ಮೊದಲ ಸ್ವಿಚ್‌ನಲ್ಲಷ್ಟೇ, ಎರಡನೆಯದು ಎರಡನೆಯದರಲ್ಲಷ್ಟೇ. ಪಿಯರ್ ಲಿಂಕ್ ಮೇಲೆ ಆ ಎರಡೂ ವಿಲ್ಯಾನ್ ದಾಟಬಾರದು.

ಫೈಬರ್ ಚಾನೆಲ್

ಮುಂಬೈನ ಬ್ಯಾಂಕುಗಳಲ್ಲಿ, ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡಿ ಬಂದವರಿಗೆ ಇದರ ಮೇಲೆ ಬಹಳ ಪ್ರೀತಿ, ಅದಕ್ಕೆ ಕಾರಣವೂ ಇದೆ. ಎರಡು ಫ್ಯಾಬ್ರಿಕ್ (ಸ್ವಿಚ್‌ಗಳ ಜಾಲ) ಬೇರೆ ಬೇರೆ ಇರಬೇಕು ಅನ್ನುವುದು ಇಲ್ಲಿ ಹುಟ್ಟಿನಿಂದ ಬಂದ ಪದ್ಧತಿ. ನೆಟ್‌ವರ್ಕ್ ವಿಭಾಗದವರು ಲ್ಯಾನ್‌ನಲ್ಲಿ ಲೂಪ್ ಮಾಡಿದರೂ ಡಿಸ್ಕ್‌ಗೆ ತಟ್ಟುವುದಿಲ್ಲ. ಎದುರಿಗಿನ ಪೋರ್ಟ್‌ನಲ್ಲಿ ಜಾಗ ಇದೆ ಅಂತ ಗೊತ್ತಾದ ಮೇಲೆಯೇ ಫ್ರೇಮ್ ಕಳಿಸುವುದರಿಂದ ದಟ್ಟಣೆಯಲ್ಲಿ ಪ್ಯಾಕೆಟ್ ಬೀಳುವ ಕಾಟ ಇಲ್ಲ.

ಆದರೆ ಸರ್ವರ್‌ಗೊಂದು ಎರಡು ಪೋರ್ಟಿನ ಎಚ್‌ಬಿಎ ಕಾರ್ಡ್ ಬೇಕು. ಎಸ್‌ಎಫ್‌ಪಿ ಬೇರೆ. ಸ್ವಿಚ್‌ನಲ್ಲಿ 24 ಪೋರ್ಟ್ ಕಂಡರೂ ಲೈಸೆನ್ಸ್ ಎಂಟಕ್ಕೇ ಇರಬಹುದು. ಯಾವ ಪೋರ್ಟ್ ಯಾವುದನ್ನು ನೋಡಬಹುದು ಎಂದು ಸ್ವಿಚ್‌ಗೆ ಹೇಳುವ ಝೋನಿಂಗ್ ಕಲಿಯಬೇಕು, ಒಂದು ಝೋನ್‌ಗೆ ಒಂದೇ ಇನಿಶಿಯೇಟರ್ (ಸರ್ವರ್ ಕಡೆಯ ಪೋರ್ಟ್) ಅನ್ನುವ ಶಿಸ್ತು ಬೇಕು. ನೂರಾರು ವಿಎಂ, ಭಾರಿ ಡೇಟಾಬೇಸ್, ಸ್ಟೋರೇಜ್‌ಗೆಂದೇ ಇರುವ ಜನ ಇವು ನಿಮ್ಮಲ್ಲಿದ್ದರೆ ಯೋಚಿಸಬೇಡಿ, ಹಾಕಿ. ಇಪ್ಪತ್ತೈದು ವಿಎಂಗೆ ಆ ದುಡ್ಡನ್ನು ಬ್ಯಾಕಪ್‌ಗೆ ಹಾಕಿದರೆ ಜಾಸ್ತಿ ಉಪಯೋಗ.

ಸ್ವಿಚ್ಚೇ ಇಲ್ಲದಿದ್ದರೆ?

ಎರಡೋ ಮೂರೋ ಸರ್ವರ್ ಇರುವವರು ಇದನ್ನು ಮೊದಲೇ ನೋಡಬೇಕು. ಪ್ರತಿ ಕಂಟ್ರೋಲರ್‌ನಲ್ಲಿ ನಾಲ್ಕು ಪೋರ್ಟ್ ಇದ್ದರೆ ನಾಲ್ಕು ಸರ್ವರ್‌ಗಳಿಗೆ ನೇರವಾಗಿ ಎರಡೆರಡು ಕೇಬಲ್ ಹಾಕಬಹುದು, ಎ ಕಂಟ್ರೋಲರ್‌ಗೆ ಒಂದು, ಬಿಗೆ ಒಂದು. ಸ್ಯಾಸ್ (ಡಿಸ್ಕ್‌ಗಳನ್ನು ನೇರ ಕೇಬಲ್‌ನಿಂದ ಜೋಡಿಸುವ ಪದ್ಧತಿ) ಆದರೂ ನಡೆಯುತ್ತದೆ, ಐಸ್ಕಸಿ ಆದರೂ ನಡೆಯುತ್ತದೆ. ನಿಮ್ಮ ಬಾಕ್ಸ್ ಇದಕ್ಕೆ ಒಪ್ಪುತ್ತದಾ ಅಂತ ಮಾತ್ರ ಕೇಳಿಕೊಳ್ಳಿ. ಇಲ್ಲದ ಸ್ವಿಚ್ ಕೆಡುವುದಿಲ್ಲ, ಅದಕ್ಕೆ ಎಎಂಸಿಯೂ ಬೇಡ, ಅಲ್ವಾ? ಐದನೇ ಸರ್ವರ್ ಬಂದರೆ, ಅಥವಾ ಬ್ಯಾಕಪ್ ಸರ್ವರ್‌ಗೂ ನೇರ ದಾರಿ ಬೇಕಾದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮುಂದೆ ಬೆಳೆಯುವ ಅಂದಾಜು ಇದ್ದರೆ ಐಸ್ಕಸಿ ಬಾಕ್ಸನ್ನೇ ತಗೊಂಡು ಈಗ ನೇರವಾಗಿ ಹಾಕಿ, ಆಮೇಲೆ ನಡುವೆ ಸ್ವಿಚ್ ಸೇರಿಸಿ. ಸ್ಯಾಸ್ ತಗೊಂಡರೆ ಈ ದಾರಿ ಉಳಿಯುವುದಿಲ್ಲ.

1 ಗಿಗಾಬಿಟ್ ಸಾಕಾ?

ಹಳೆಯ 1 ಗಿಗಾಬಿಟ್ ಸ್ವಿಚ್ ಇದೆ, ಅದನ್ನೇ ಬಳಸಲಾ ಅಂತ ಕೇಳುತ್ತಾರೆ. ಒಂದು ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹೋಗುತ್ತದೆ. 1 ಟೆರಾಬೈಟ್ ಬ್ಯಾಕಪ್ ವಾಪಸ್ ಹಾಕಲು ಎರಡೂವರೆ ತಾಸು. ಮಾಲೀಕರು ಪಕ್ಕದಲ್ಲಿ ನಿಂತಿರುವಾಗ ಆ ಎರಡೂವರೆ ತಾಸು ಎಷ್ಟು ಉದ್ದ ಅನ್ನುವುದು ಅನುಭವಿಸಿದವರಿಗೆ ಗೊತ್ತು. ಹೊಸದಾಗಿ ಕೊಳ್ಳುವುದಾದರೆ 10 ಗಿಗಾಬಿಟ್‌ಗಿಂತ ಕಡಿಮೆ ಬೇಡ. ಒಂದೇ ರ‍್ಯಾಕ್‌ನಲ್ಲಾದರೆ ಡ್ಯಾಕ್ ಕೇಬಲ್ (ಎರಡೂ ತುದಿಗೆ ಮಾಡ್ಯೂಲ್ ಸೇರಿಯೇ ಬರುವ ಚಿಕ್ಕ ಕೇಬಲ್) ಹಾಕಿ. ತಾಮ್ರದ ಆರ್‌ಜೆ45 ಪೋರ್ಟ್‌ಗಿಂತ ಕರೆಂಟ್ ಕಡಿಮೆ ತಿನ್ನುತ್ತದೆ, ಬಿಸಿಯೂ ಕಡಿಮೆ.

ಕೈ ಬಿಗಿ ಇದ್ದರೆ ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡ್‌ನಂಥ ಕಡೆ ಹಳೆಯ ಸ್ವಿಚ್ ಹುಡುಕಬಹುದು. ಆದರೆ ಎರಡು ಬೇಕಿದ್ದರೆ ಒಂದೇ ಮಾದರಿಯ ಮೂರು ತಗೊಳ್ಳಿ. ಮೂರನೆಯದಕ್ಕೆ ಕಾನ್ಫಿಗರೇಶನ್ ಹಾಕಿ ಕಪಾಟಿನಲ್ಲಿಡಿ. ಫರ್ಮ್‌ವೇರ್ ಡೌನ್‌ಲೋಡ್‌ಗೆ ಕಾಂಟ್ರಾಕ್ಟ್ ಬೇಕಾ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ.

ಯಾವುದನ್ನೇ ಆರಿಸಿದರೂ

ಜಂಬೋ ಫ್ರೇಮ್ (9000 ಬೈಟ್‌ನ ದೊಡ್ಡ ಪ್ಯಾಕೆಟ್) ಬೇಕೇಬೇಕು ಅಂತಿಲ್ಲ. ಹಾಕುವುದಾದರೆ ಸರ್ವರ್, ಸ್ವಿಚ್, ಸ್ಟೋರೇಜ್ ಮೂರೂ ಕಡೆ ಹಾಕಿ. ಒಂದು ಕಡೆ ಬಿಟ್ಟರೆ ಲಾಗಿನ್ ಆಗುತ್ತದೆ, ಲನ್ ಕಾಣುತ್ತದೆ, ದೊಡ್ಡ ಫೈಲ್ ಬರೆಯಲು ಹೋದಾಗ ನಿಂತುಬಿಡುತ್ತದೆ. ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ 8972 ಬೈಟ್‌ನ ಪಿಂಗ್ ಕಳಿಸಿ ನೋಡಿ. 9000ದಲ್ಲಿ ಹೆಡರ್‌ನ 28 ಕಳೆದರೆ ಉಳಿಯುವುದು ಅಷ್ಟೇ. ಸ್ವಿಚ್‌ನಲ್ಲಿ ಸರ್ವರ್ ಮತ್ತು ಸ್ಟೋರೇಜ್ ಪೋರ್ಟ್‌ಗಳನ್ನು ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀಯ ಎಡ್ಜ್ ಪೋರ್ಟ್ ಮಾಡಿ, ಇಲ್ಲದಿದ್ದರೆ ಕೇಬಲ್ ತೆಗೆದು ಹಾಕಿದಾಗೆಲ್ಲ ಅರ್ಧ ನಿಮಿಷ ಕಾಯಬೇಕಾಗಬಹುದು.

ಕರೆಂಟಿನ ವಿಷಯಕ್ಕೆ ಸಮಯ ಕೊಡಿ. ಎರಡು ಸ್ವಿಚ್ ಎರಡು ಯುಪಿಎಸ್‌ಗೆ ಹೋಗಲಿ. ಸಾಧ್ಯವಾದರೆ ಎರಡು ರ‍್ಯಾಕ್‌ನಲ್ಲಿರಲಿ. 2020ರ ಅಕ್ಟೋಬರ್ 12ರಂದು ಮುಂಬೈನಲ್ಲಿ ಗ್ರಿಡ್ಡೇ ಬಿದ್ದಾಗ ರೈಲುಗಳೂ ನಿಂತುಹೋದವು. ಅಂಥ ದಿನ ಎಷ್ಟು ಸ್ವಿಚ್ ಇದ್ದರೂ ಕೊನೆಗೆ ಯುಪಿಎಸ್ ಬರಿದಾಗುತ್ತದೆ. ಆಗ ಬೇಕಾಗುವುದು ಕ್ರಮ: ಬಂದ್ ಮಾಡುವಾಗ ಮೊದಲು ವಿಎಂ, ಆಮೇಲೆ ಸರ್ವರ್, ಆಮೇಲೆ ಸ್ಟೋರೇಜ್, ಕೊನೆಗೆ ಸ್ವಿಚ್. ಹಚ್ಚುವಾಗ ಸ್ವಿಚ್‌ನಿಂದ ಶುರು. ಇದನ್ನು ದೊಡ್ಡಕ್ಷರದಲ್ಲಿ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿ. ನೆಲಮಹಡಿಯಲ್ಲಿ ಸರ್ವರ್ ಕೋಣೆ ಇರುವವರು 2005ರ ಜುಲೈ 26 ಅನ್ನೂ ನೆನೆಯಬೇಕು. ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ರ‍್ಯಾಕ್‌ನ ತಳದಲ್ಲಿ ಅಕ್ಕಪಕ್ಕ ಇಟ್ಟ ಎರಡು ಸ್ವಿಚ್‌ಗೆ ನೀರು ಒಟ್ಟಿಗೇ ತಲುಪುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಮೂರು ಸರ್ವರ್, ಇಪ್ಪತ್ತೈದು ವಿಎಂ, ನೋಡಿಕೊಳ್ಳುವವನು ಒಬ್ಬನೇ: ನಾಲ್ಕಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ಖಾತ್ರಿ ಇದ್ದರೆ ನೇರ ಕೇಬಲ್, ಇಲ್ಲದಿದ್ದರೆ ಬೇರೆ ಬೇರೆ ಎರಡು ಸ್ವಿಚ್ ಮತ್ತು ಐಸ್ಕಸಿ. ಈಗಾಗಲೇ ಎನ್‌ಎಫ್‌ಎಸ್ ಇದ್ದರೆ ದುಡ್ಡು ಕೂಡಿಸಿ ಎಂಲ್ಯಾಗ್‌ಗೆ ಹೋಗಿ. ಸ್ಟ್ಯಾಕ್ ಆಗಲೇ ಖರೀದಿಯಾಗಿದ್ದರೆ ಬಿಸಾಡುವುದು ಬೇಡ. ಎಷ್ಟೋ ಮಾದರಿಗಳಲ್ಲಿ ಸ್ಟ್ಯಾಕ್ ಕೇಬಲ್ ಬಿಚ್ಚಿ ಎರಡು ಬೇರೆ ಸ್ವಿಚ್ ಮಾಡಬಹುದು. ನಾವೂ ಮಾಡಿದ್ದು ಅದನ್ನೇ, ಮತ್ತೊಂದು ಗುರುವಾರ, ಈ ಸಲ ವಿಎಂಗಳನ್ನೆಲ್ಲ ಬಂದ್ ಮಾಡಿ.

ಕೆಲಸ ಮುಗಿದ ಮೇಲೆ ವೆಂಡರ್ ಇನ್‌ಸ್ಟಾಲೇಶನ್ ರಿಪೋರ್ಟ್ ಮುಂದಿಟ್ಟು ಸಹಿ ಕೇಳುತ್ತಾನೆ. ಅವನನ್ನು ಚಹಾ ಕೊಟ್ಟು ಕೂರಿಸಿ. ಪರೀಕ್ಷೆಗೆಂದೇ ಮಾಡಿದ ಒಂದು ವಿಎಂನಲ್ಲಿ ದೊಡ್ಡ ಫೈಲ್ ಕಾಪಿ ಹಚ್ಚಿ. ಮೊದಲ ಸ್ವಿಚ್‌ನ ಪವರ್ ಕೇಬಲ್ ಎಳೆಯಿರಿ. ಕಾಪಿ ಕೆಲವು ಸೆಕೆಂಡ್ ತಡವರಿಸಿ ಮುಂದುವರಿಯಬೇಕು. ಹತ್ತು ನಿಮಿಷ ಬಿಟ್ಟು ಕೇಬಲ್ ವಾಪಸ್ ಹಾಕಿ. ಎಲ್ಲ ಸರ್ವರ್‌ಗಳಲ್ಲೂ ನಾಲ್ಕು ದಾರಿ ಮರಳುವ ತನಕ ಕಾಯಿರಿ. ಮೂರೇ ಬಂದರೆ ಅಲ್ಲೇ ನಿಲ್ಲಿ, ನಾಲ್ಕನೆಯದು ಯಾಕೆ ಬರಲಿಲ್ಲ ಅಂತ ಹುಡುಕಿ. ಆಮೇಲೆ ಎರಡನೇ ಸ್ವಿಚ್. ಆಮೇಲೆ ಒಂದೊಂದೇ ಕಂಟ್ರೋಲರ್. ನಮ್ಮ ಹುಡುಗ ಅವತ್ತು ಪ್ರತಿ ಸಲವೂ ಗಟ್ಟಿಯಾಗಿ ಎಣಿಸಿದ, "ಒಂದು, ಎರಡು, ಮೂರು, ನಾಕು. ಬಂದ್ವು ಅಣ್ಣಾ." ಎಲ್ಲ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಆಮೇಲೆ ಸಹಿ ಹಾಕಿ ಊಟಕ್ಕೆ ಹೋದೆವು.